ತುಂಬಿದ ದೋಣಿಗೆ ದಾರಿ ಬಿಡಿ

ಭದ್ರಮ್ಮ: ಹಿಂದಕ್ಕೆ ತಗೊಳ್ಳಿ ಅಂದ್ರೆ ಹಿಂದಕ್ಕೆ ತಗೊಳ್ಳಿ! ನಿಮ್ಮ ದೋಣಿ ಖಾಲಿ, ನಮ್ಮದು ತುಂಬಿದೆ. ಇಷ್ಟು ಕಾಣಲ್ವಾ?

ರಘೋತ್ತಮ: ಕಾಣುತ್ತೆ ತಾಯಿ. ಈ ಕಮಾನಿನೊಳಕ್ಕೆ ಮೊದಲು ಮೂಗು ತೂರಿಸಿದ್ದು ನಾನು, ಅದೂ ಕಾಣುತ್ತೆ.

ಭದ್ರಮ್ಮ: ಮೂಗು ತೂರಿಸಿದ್ದನ್ನೇ ಬಿರುದಿನ ಹಾಗೆ ಹೇಳ್ಕೋತಾರಲ್ಲ, ನೋಡ್ರೀ!

ನೋಡಬೇಕಾದ ಗಂಡ ಪುಟ್ಟಸ್ವಾಮಿ ನೋಡಲಿಲ್ಲ. ಅವನಿಗೆ ಚುಕ್ಕಾಣಿಯದೇ ಚಿಂತೆ. ಮಂಡ್ಯದಲ್ಲಿ ಹುಟ್ಟಿ, ಅಮೆರಿಕದ ಫ್ರೀಮಾಂಟಿನಲ್ಲಿ ಇಪ್ಪತ್ತು ವರ್ಷ ಕಳೆದರೂ ಅವನು ಚುಕ್ಕಾಣಿ ಹಿಡಿದದ್ದು ಇದೇ ಮೊದಲು. ಮನೆಯಲ್ಲಂತೂ ಆ ಅವಕಾಶ ಬಂದಿರಲಿಲ್ಲ.

ಶನಿವಾರ ಬೆಳಿಗ್ಗೆ ಹನ್ನೊಂದೂವರೆ. ಫ್ರೀಮಾಂಟಿನಿಂದ ಕೊಲ್ಲಿಯ ಸೇತುವೆ ದಾಟಿದರೆ ಸಿಗುವ ಒಂದು ಬಡಾವಣೆ. ಮನೆಗಳ ಮುಂದೆ ರಸ್ತೆ, ಹಿತ್ತಲಿಗೆ ಕಾಲುವೆ. ಕಾಲುವೆಗೆ ಅಡ್ಡಲಾಗಿ ನಡೆದಾಡುವವರಿಗೆಂದು ಕಟ್ಟಿದ ಪುಟ್ಟ ಸೇತುವೆ. ಅದರ ಕಮಾನಿನಡಿ ಒಂದು ದೋಣಿ ಆರಾಮಾಗಿ ಹೋಗಬಹುದು, ಎರಡಕ್ಕೆ ಜಾಗವಿಲ್ಲ. ಈಗ ಅಲ್ಲಿ ಎರಡು ಬ್ಯಾಟರಿ ದೋಣಿಗಳು ಟಗರುಗಳ ಹಾಗೆ ಹಣೆಗೆ ಹಣೆ ಕೊಟ್ಟು ನಿಂತಿದ್ದವು.

ಭದ್ರಮ್ಮ ಹಾಸನದ ಕಡೆಯವರು, ಕೇಟರಿಂಗ್ ಅವರ ಕಸುಬು. ದೋಣಿಯ ನಡುವೆ ಅರವತ್ತು ಜನರ ಊಟ. ನಿರುಪಮಾ ಅನ್ನುವವರ ಮಗಳ ನಿಶ್ಚಿತಾರ್ಥ. ಅವರ ಮನೆ ಮುಂದಿನ ರಸ್ತೆಯನ್ನು ಪೈಪು ಹಾಕಲು ಅಗೆದು ಬಿಟ್ಟಿದ್ದರು, ವ್ಯಾನು ಹೋಗುವಂತಿರಲಿಲ್ಲ. ಭದ್ರಮ್ಮ ಯಾರನ್ನೂ ಕೇಳದೆ, ಯಾರಿಗೂ ಹೇಳದೆ, ಕಾಲುವೆಯ ಆ ತುದಿಯ ಪಾರ್ಕಿನಲ್ಲಿ ವ್ಯಾನು ನಿಲ್ಲಿಸಿ, ಅಲ್ಲಿಯ ದಡದಲ್ಲಿ ದೋಣಿಯೊಂದನ್ನು ಬಾಡಿಗೆಗೆ ಹಿಡಿದಿದ್ದರು. ಇವತ್ತಿನ ಊಟ ಒಪ್ಪಿಗೆಯಾದರೆ ಡಿಸೆಂಬರಿನ ಮದುವೆಯ ಅಡುಗೆಯೂ ಭದ್ರಮ್ಮನದೇ. ತಡವಾಯಿತೋ, ಅದೇ ಕಸುಬಿನ ಪೈಪೋಟಿಗಾರ್ತಿ, ಸಾಂಟಾ ಕ್ಲಾರಾದ ಕಮಲವ್ವ ಸೌಟು ಹಿಡಿದು ಕಾದೇ ಇದ್ದಳು.

ಎದುರು ದೋಣಿಯ ಒಂಟಿ ಸವಾರ ರಘೋತ್ತಮ, ಮೈಸೂರಿನವರು, ಚಿಪ್ ಕಂಪನಿಯೊಂದರಿಂದ ನಿವೃತ್ತರು ಎಂಬುದೆಲ್ಲ ಭದ್ರಮ್ಮನಿಗೆ ತಿಳಿದದ್ದು ಆಮೇಲೆ. ಆಗ ಅವರಿಗೆ ಕಂಡದ್ದು ಒಂದು ಹುಲ್ಲಿನ ಟೋಪಿ, ಅದರಡಿಯಲ್ಲಿ ಒಂದು ಹಟ.

ಭದ್ರಮ್ಮ: ಶಿರಾಡಿ ಘಾಟಿಯಲ್ಲಿ ಗಾಡಿ ಓಡಿಸಿದ್ದೀರಾ? ಲೋಡು ಹೊತ್ತು ಹತ್ತೋ ಗಾಡಿಗೆ ಇಳಿಯೋ ಗಾಡಿ ದಾರಿ ಬಿಡಬೇಕು. ಎಳೇ ಮಕ್ಕಳಿಗೂ ಗೊತ್ತು.

ರಘೋತ್ತಮ: ಇದು ನೀರು ತಾಯಿ. ಇಲ್ಲಿ ಹತ್ತೋದ್ಯಾರು, ಇಳಿಯೋದ್ಯಾರು?

ಭದ್ರಮ್ಮ: ನೀವು ಇಳೀಬೇಕು, ಆ ಟೋಪಿ ಮೇಲಿಂದ!

ರಘೋತ್ತಮ: ಅಷ್ಟಕ್ಕೂ ಏನಮ್ಮ ಅಂಥ ಲೋಡು? ಬೆಡ್‌ಶೀಟು ಮುಚ್ಚಿದ್ದೀರಿ, ಏನೂ ಕಾಣಲ್ಲ.

ಭದ್ರಮ್ಮ: ಕಾಣಬಾರದು ಅಂತಲೇ ಮುಚ್ಚಿರೋದು. ದೃಷ್ಟಿಯಾಗುತ್ತೆ. ಅದರಲ್ಲೂ ನಿಮ್ಮದು ಎಂಥ ದೃಷ್ಟಿಯೋ.

ರಘೋತ್ತಮ: ಬೆಳಿಗ್ಗೆಯಿಂದ ಹೊಟ್ಟೆಗೆ ಬಿದ್ದಿಲ್ಲ ನನಗೆ. ಕಣ್ಣು ಮಂಜು, ಮೂಗಿಗೆ ಎಲ್ಲೆಲ್ಲೂ ಇಂಗಿನ ವಾಸನೆ. ಜಗಳಕ್ಕೂ ಶಕ್ತಿ ಇಲ್ಲ.

ಭದ್ರಮ್ಮ: ಇಲ್ಲದೇ ಇಷ್ಟು. ಇದ್ದಿದ್ರೆ?

ಪುಟ್ಟಸ್ವಾಮಿ: ಭದ್ರಾ, ಮಜ್ಜಿಗೆಹುಳಿ ತುಳುಕ್ತಾ ಅದೆ ಕಣಮ್ಮಿ.

ಭದ್ರಮ್ಮ: ಶ್! ಅಡುಗೆ ಹೆಸರು ಎತ್ತಬೇಡಿ! ಅಲ್ಲಾಡದೆ ಹಿಡ್ಕೊಳ್ಳಿ!

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ನಿರುಪಮಾ.

ಭದ್ರಮ್ಮ: (ದನಿಗೆ ಜೇನು ಸವರಿ) ಹಲೋ ನಿರುಪಮಾ ಅವರೇ... ಬಂದೇಬಿಟ್ವಿ... ಇನ್ನೆರಡೇ ನಿಮಿಷ... ಸ್ವಲ್ಪ ಟ್ರಾಫಿಕ್ಕು.

ನಿರುಪಮಾ ಏನೋ ಹೇಳಲು "ಭದ್ರಮ್ಮ, ನಮ್ಮ—" ಅನ್ನುವಷ್ಟರಲ್ಲಿ ಫೋನು ಕಟ್ಟಾಯಿತು. ಗಿರಾಕಿಗೆ ಸುಳ್ಳು ಹೇಳುವವರು ಉತ್ತರಕ್ಕೆ ಕಾಯುವುದಿಲ್ಲ. ಅದು ವ್ಯಾಪಾರದ ಮೊದಲ ಪಾಠ. ಹಿಂದೆಯೇ ಎದುರು ದೋಣಿಯಲ್ಲೂ ಫೋನು ಹಾಡಿತು.

ರಘೋತ್ತಮ: ಹಾಂ ಅಕ್ಕ... ಹೊರಟಿದ್ದೀನಿ ಅಕ್ಕ... ಇನ್ನೆರಡೇ ನಿಮಿಷ... ಟ್ರಾಫಿಕ್ಕು ಕಣೇ.

ಭದ್ರಮ್ಮ: ಎಷ್ಟು ಸಲೀಸಾಗಿ ಸುಳ್ಳು ಹೇಳ್ತಾರೆ ನೋಡಿ, ಒಡಹುಟ್ಟಿದೋಳಿಗೆ!

ಹಿಂದೆ ಮುಂದೆ ಸಾಲು ಬೆಳೆಯುತ್ತಿತ್ತು. ಭದ್ರಮ್ಮನ ಬೆನ್ನಿಗೆ ಕಯಾಕು ಅನ್ನುವ ನಾಲ್ಕು ಕಿರುದೋಣಿಗಳು. ಆ ಕಡೆ ಹಲಗೆಯ ಮೇಲೆ ನಿಂತು ಹುಟ್ಟು ಹಾಕುವ ಮೂವರು, ಹಂಸದ ಆಕಾರದ ಒಂದು ಪೆಡಲು ದೋಣಿ. ಒಬ್ಬರೂ ಹಾರ್ನ್ ಬಾರಿಸಲಿಲ್ಲ, ಬಾರಿಸಲು ಹಾರ್ನೇ ಇರಲಿಲ್ಲ. ಬಾತುಕೋಳಿಗಳು ಮಾತ್ರ ಆ ಕೊರತೆ ತುಂಬಿದವು.

ರಘೋತ್ತಮ: ನೋಡಿ, ಕಾಲುವೆ ಅಂದ್ರೆ ಇದು ಹೊಸ ಜಗಳವೇನಲ್ಲ. ನೂರೈವತ್ತು ವರ್ಷದ ಹಿಂದೆ ಇಂಗ್ಲೆಂಡಿನ ಕಾಲುವೆಗಳಲ್ಲೂ ಸರಕಿನ ದೋಣಿಯವರು ಹೀಗೇ. ಕಲ್ಲಿದ್ದಲು ತುಂಬಿಕೊಂಡು ಎದುರುಬದುರು ನಿಂತು, ನಾನು ಮೊದಲು ತಾನು ಮೊದಲು ಅಂತ ಬಡಿದಾಡ್ತಿದ್ರು. ಹಿಂದೆ ದೋಣಿಗಳ ಸಾಲೇ ಸಾಲು.

ಭದ್ರಮ್ಮ: ಬ್ಯಾಟರಿ ಇತ್ತಾ ಆಗ?

ರಘೋತ್ತಮ: ದಡದ ಮೇಲೆ ಕುದುರೆ ನಡೀತಿತ್ತು. ಹಗ್ಗ ಕಟ್ಟಿ ಎಳೀತಿತ್ತು.

ಭದ್ರಮ್ಮ: ಸರಿ ಬಿಡಿ, ದೋಣಿಗೊಂದಾದರೂ ಬುದ್ಧಿ ಇರೋ ಪ್ರಾಣಿ ಇತ್ತು. ಕೊನೆಗೆ ಗೆದ್ದೋರ್ಯಾರು? ತುಂಬಿದ ದೋಣಿಯೋರೋ, ಖಾಲಿ ದೋಣಿಯೋರೋ?

ರಘೋತ್ತಮ: ರೈಲಿನೋರು.

ಪುಟ್ಟಸ್ವಾಮಿ ಕಿಸಕ್ಕನೆ ನಕ್ಕ. ಭದ್ರಮ್ಮ ತಿರುಗಿ ನೋಡಿದರು. ನಗು ಅಲ್ಲಿಗೇ ನಿಂತಿತು.

ಭದ್ರಮ್ಮ: ಕಥೆ ಸಾಕು. ನಾವು ಹೊರಟಿರೋದು ಶುಭಕಾರ್ಯಕ್ಕೆ. ಹೊರಟ ಮೇಲೆ ಹಿಂದಕ್ಕೆ ಹೋಗೋ ಮಾತೇ ಇಲ್ಲ.

ರಘೋತ್ತಮ: ನಾನೂ ಶುಭಕಾರ್ಯಕ್ಕೇ ಹೊರಟಿರೋದು. ನಾನು ಹೋಗಲಾ ಹಿಂದಕ್ಕೆ?

ಪುಟ್ಟಸ್ವಾಮಿ: ಸಾ, ನೀವು ಎಲ್ಲಿ—

ಭದ್ರಮ್ಮ: ರೀ! ಬಾಯಿ ಮುಚ್ಚಿ! ಹೊರಟೋರನ್ನ ಹಾಗೆ ಕೇಳ್ತಾರಾ? ಹೋದ ಕೆಲಸ ಕೆಡುತ್ತೆ!

ರಘೋತ್ತಮ: (ಮೊದಲ ಸಲ ಟೋಪಿ ತೆಗೆದು) ಇಷ್ಟಾದರೂ ಸಂಪ್ರದಾಯ ಗೊತ್ತಿದೆಯಲ್ಲ ನಿಮಗೆ. ಬಹಳ ಸಂತೋಷ.

ಭದ್ರಮ್ಮ: ಸಂಪ್ರದಾಯ ಇದೆ, ಸಮಯ ಇಲ್ಲ.

ರಘೋತ್ತಮ: ನಾನೂ ಕೇಳಬಾರದ್ದನ್ನ ಕೇಳಲ್ಲ. ಆದರೂ... ದೂರವೋ?

ಭದ್ರಮ್ಮ: ಹತ್ತಿರವೇ. ನಿಮ್ಮದು?

ರಘೋತ್ತಮ: ನಮ್ಮದೂ ಹತ್ತಿರವೇ.

ಭದ್ರಮ್ಮ: ಒಳ್ಳೇದಾಗಲಿ.

ರಘೋತ್ತಮ: ನಿಮಗೂ ಒಳ್ಳೇದಾಗಲಿ.

ಭದ್ರಮ್ಮ: ಹಿಂದಕ್ಕೆ ತಗೊಳ್ಳಿ!

ರಘೋತ್ತಮ: ನೀವು ತಗೊಳ್ಳಿ!

ಗಡಿಯಾರ ಹನ್ನೆರಡಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಭದ್ರಮ್ಮನ ಕಣ್ಣ ಮುಂದೆ ಹಸಿದ ಬೀಗರು ಬಂದು ಹೋದರು. ಅವರ ಹಿಂದೆಯೇ ಕಮಲವ್ವ, ಹೋಳಿಗೆಯ ತಟ್ಟೆ ಎತ್ತಿಕೊಂಡು, ನಗುನಗುತ್ತ. ಆ ನಗು ತಡೆಯಲಾಗದೆ ಅವರು ಎದ್ದು ನಿಂತರು. ದೋಣಿ ವಾಲಿತು. ಪುಟ್ಟಸ್ವಾಮಿ ಚುಕ್ಕಾಣಿ ಬಿಟ್ಟು ಪಾತ್ರೆಯನ್ನೇ ತಬ್ಬಿಕೊಂಡ.

ಭದ್ರಮ್ಮ: ಖಾಲಿ ಡಬ್ಬ ಇಟ್ಕೊಂಡು ಇಷ್ಟು ಸದ್ದು ಮಾಡ್ತೀರಲ್ಲ! ನಿಮ್ಮ ಕೈಯಲ್ಲಿ ಕೆಲಸ ಒಪ್ಪಿಸಿದೋರು ಯಾರೋ ಪಾಪ, ಅವರ ಮನೆ ಕಾರ್ಯ ಸಂಜೆಗೂ ಮುಗಿಯಲ್ಲ!

ರಘೋತ್ತಮ: ನಿಮ್ಮನ್ನ ನಂಬಿಕೊಂಡಿರೋರು ನಾಳೆವರೆಗೂ ಉಪವಾಸ!

ಭದ್ರಮ್ಮ: (ಅನುಮಾನದಿಂದ) ಉಪವಾಸ ಅಂತ ಯಾಕಂದ್ರಿ?

ರಘೋತ್ತಮ: ಬಾಯಿಗೆ ಬಂತು, ಅಂದೆ. ಹಸಿದಿದ್ದೀನಿ ಅಂತ ಹೇಳಲಿಲ್ವಾ!

ಆಗ ಕೆಂಪು ಕಯಾಕೊಂದು ಇವರ ದೋಣಿಯ ಪಕ್ಕಕ್ಕೆ ನುಸುಳಿಕೊಂಡು ಬಂತು. ಅದರಲ್ಲಿ ಬಿಳಿ ಕೂದಲಿನ ಅಮೆರಿಕನ್ ಅಜ್ಜಿ. ಅರ್ಧ ಗಂಟೆಯ ವ್ಯಾಯಾಮಕ್ಕೆಂದು ಬಂದು ಕಾಲು ಗಂಟೆ ಕೂತೇ ಕಳೆದಿದ್ದರೂ ಮುಖದಲ್ಲಿ ನಗುವಿತ್ತು. ಎರಡೂ ದೋಣಿಗಳನ್ನು ನೋಡಿ, ಬಲು ಸಹಜವಾಗಿ, ಕೇಳಿಯೇಬಿಟ್ಟಳು:

— ವೇರ್ ಆರ್ ಯು ಬೋತ್ ಗೋಯಿಂಗ್?

ಬಾತುಕೋಳಿಗಳೂ ಸುಮ್ಮನಾದವು. ಭದ್ರಮ್ಮ ಎದೆ ಮುಟ್ಟಿಕೊಂಡರು. ರಘೋತ್ತಮ ಕಣ್ಣು ಮುಚ್ಚಿ ಏನೋ ಪಠಿಸಿದರು.

ಭದ್ರಮ್ಮ: ಅಯ್ಯೋ ದೇವರೇ, ಕೇಳಿಬಿಟ್ಟಳಲ್ಲ!

ರಘೋತ್ತಮ: ಅದೂ ಇಬ್ಬರನ್ನೂ ಸೇರಿಸಿ!

ಪುಟ್ಟಸ್ವಾಮಿ: ಇನ್ನೇನು ಉಳೀತು ಬುಡಿ. ಕೆಡೋದು ಕೆಟ್ಟಾಯ್ತು. ಹೇಳ್ಬುಡಮ್ಮಿ.

ಭದ್ರಮ್ಮ: (ಅಜ್ಜಿಗೆ, ಅಳುಮುಖದಲ್ಲಿ) ನಿರುಪಮಾ ಹೌಸ್. ಎಂಗೇಜ್‌ಮೆಂಟ್. ಲಂಚ್.

ರಘೋತ್ತಮ: (ಅದೇ ಉಸಿರಿನಲ್ಲಿ) ಪಾರ್ಕ್. ಲಂಚ್ ತರೋದಕ್ಕೆ. ಫಾರ್ ನಿರುಪಮಾ ಹೌ...

ಅಜ್ಜಿ ಹುಟ್ಟಿನ ತುದಿಯಿಂದ ಬೆಡ್‌ಶೀಟನ್ನು ತೋರಿಸಿ, ಹಾಗಾದರೆ ಅದೇ ಅಲ್ಲವೇ ಆ ಲಂಚು ಎಂದು ವಿಚಾರಿಸಿದಳು.

ರಘೋತ್ತಮ: ನೀವು... ಕೇಟರಿಂಗ್ ಭದ್ರಮ್ಮನಾ? ಪಾರ್ಕಲ್ಲಿ ವ್ಯಾನ್ ನಿಲ್ಲಿಸ್ಕೊಂಡು ದಾರಿ ಕಾಣದೆ ಕೂತಿರ್ತಾರೆ, ಹೋಗಿ ಕರ್ಕೊಂಡು ಬಾ ಅಂತ ಅಕ್ಕ ನನ್ನ ಓಡಿಸಿದಳು!

ಭದ್ರಮ್ಮ: ದಾರಿ ಕಾಣದೆ ಕೂರೋಳಲ್ಲ ಸಾರ್ ನಾನು. ಅಕ್ಕ ಅಂದ್ರಿ... ಅಂದ್ರೆ ನೀವು ಹುಡುಗಿಗೆ...

ರಘೋತ್ತಮ: ಸೋದರಮಾವ.

ಸೋದರಮಾವ! ಧಾರೆಯ ಮಂಟಪಕ್ಕೆ ಹುಡುಗಿಯನ್ನು ಕರೆತರುವವರು. ಮದುವೆ ಅಡುಗೆ ಯಾರದೆಂದು ತೀರ್ಮಾನಿಸುವವರು ಅವರೇ ಎಂದು ನಿರುಪಮಾ ಎರಡು ಸಲ ಹೇಳಿದ್ದರು. ಭದ್ರಮ್ಮ ಒಂದೇ ಕ್ಷಣದಲ್ಲಿ ಸೆರಗು ಸರಿಮಾಡಿ, ಮುಖ ಬದಲಿಸಿ, ದನಿಯ ಜೇನನ್ನು ಮತ್ತೆ ಹೊರತೆಗೆದರು.

ಭದ್ರಮ್ಮ: ಮೊದಲೇ ಹೇಳಬಾರದಾ ಸಾರ್! ಟೋಪಿ ಎಷ್ಟು ಚೆನ್ನಾಗಿ ಒಪ್ಪುತ್ತೆ ನಿಮಗೆ.

ರಘೋತ್ತಮ: ಖಾಲಿ ಡಬ್ಬ ಅಂದ್ರಿ ನನ್ನ.

ಭದ್ರಮ್ಮ: ದೋಣೀನ ಸಾರ್! ನಿಮ್ಮನ್ನ ಅಂತೀನಾ?

ರಘೋತ್ತಮ: ಕುದುರೆಗೆ ಇದ್ದ ಬುದ್ಧಿ—

ಭದ್ರಮ್ಮ: ಕುದುರೆ ಅಂದದ್ದು ನಮ್ಮನೆಯವರಿಗೆ. ಅಲ್ಲೇನ್ರೀ?

ಪುಟ್ಟಸ್ವಾಮಿ: ದಿನಾ ಅಂತಾಳೆ ಸಾ.

ಭದ್ರಮ್ಮ: ನಾವೇ ಹಿಂದಕ್ಕೆ ಹೋಗ್ತೀವಿ ಸಾರ್, ನೀವು ದೊಡ್ಡೋರು. ರೀ, ಹಿಂದಕ್ಕೆ ತಗೊಳ್ಳಿ!

ರಘೋತ್ತಮ: ಛೆ ಛೆ, ಅನ್ನ ತಂದೋರನ್ನ ಹಿಂದಕ್ಕೆ ಕಳಿಸೋದಾ? ನಾನೇ ಹೋಗ್ತೀನಿ.

ಎರಡೂ ದೋಣಿಗಳು ಒಟ್ಟಿಗೇ ಹಿಂದಕ್ಕೆ ಸರಿದವು. ಈ ಕಡೆಯ ಕಯಾಕಿನವರು, ಆ ಕಡೆಯ ಹಲಗೆಯವರು "ನೋ ನೋ" ಎಂದು ಚೀರಿದರು. ಹಂಸ ತಿರುಗಿ ದಡಕ್ಕೆ ಮುಖ ತಾಗಿಸಿತು. ಕಮಾನು ಖಾಲಿಯಾಯಿತು.

ರಘೋತ್ತಮ: ಬನ್ನಿ ಬನ್ನಿ!

ಭದ್ರಮ್ಮ: ನೀವು ಬನ್ನಿ ಸಾರ್!

ರಘೋತ್ತಮ: ನಾನು ಬಂದು ಏನು ಮಾಡಲಿ, ನನ್ನ ಕೆಲಸ ಆಯ್ತಲ್ಲ!

ಭದ್ರಮ್ಮ: ಕರೆದ ಮೇಲೆ ಬರಬೇಕು ಸಾರ್!

ಇಷ್ಟು ಕರೆದ ಮೇಲೆ ಬಾರದಿದ್ದರೆ ಚೆನ್ನಾಗಿರದು ಎಂದು ಇಬ್ಬರೂ ಬಂದರು. ಮತ್ತೆ ಹಣೆಗೆ ಹಣೆ. ಕಮಾನಿನಡಿ ಧಡ್ ಎಂದಿತು. ಬೆಡ್‌ಶೀಟಿನೊಳಗಿಂದ ಒಂದು ಹಪ್ಪಳ ಹಾರಿ ರಘೋತ್ತಮರ ಮಡಿಲಿಗೆ ಬಿತ್ತು. ಅವರು ಅದನ್ನು ಮುರಿದು, ಬಾಯಿಗಿಟ್ಟು, ಚೂರೂ ಬಿಡದೆ ತಿಂದರು.

ಅಜ್ಜಿ: ಪ್ಲೀಸ್.

ಪುಟ್ಟಸ್ವಾಮಿಗೆ ಮೂವತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ ರೋಸಿಹೋಯಿತು. ಯಾರನ್ನೂ ಕೇಳದೆ ಬ್ಯಾಟರಿಯ ಗುಂಡಿಯನ್ನು ಪೂರ್ತಿ ಮುಂದಕ್ಕೆ ಒತ್ತಿದ. ತುಂಬಿದ ದೋಣಿ ಖಾಲಿ ದೋಣಿಯನ್ನು ಮೂತಿಗೆ ಮೂತಿ ಕೊಟ್ಟು ನೂಕಿಕೊಂಡು ಹೊರಟಿತು. ಹಲಗೆಯವರು ದಡಕ್ಕೆ ಹಾರಿ ಜಾಗ ಬಿಟ್ಟರು. ರಘೋತ್ತಮ ಇವರಿಗೆ ಎದುರಾಗಿ, ಕೈಕಟ್ಟಿ, ಹಿಮ್ಮುಖವಾಗಿ ಸಾಗಿದರು.

ಭದ್ರಮ್ಮ: ಕ್ಷಮಿಸಿ ಸಾರ್, ಶುಭಕಾರ್ಯದ ದಿನ ನಿಮ್ಮನ್ನ ಹಿಂದಕ್ಕೆ ಕಳಿಸೋ ಹಾಗಾಯ್ತು.

ರಘೋತ್ತಮ: ನಾನೆಲ್ಲಿ ಹಿಂದಕ್ಕೆ ಹೋಗ್ತಿದ್ದೀನಿ? ನೀವು ಮುಂದಕ್ಕೆ ಬರ್ತಿದ್ದೀರಿ, ನಾನು ಸ್ವಾಗತಿಸ್ತಾ ಇದ್ದೀನಿ.

ನಿರುಪಮಾ ಅವರ ಹಿತ್ತಲಿನ ಕಟ್ಟೆ ಕಾಣಿಸಿತು. ಅಲ್ಲಿ ಬೀಗರು ಸಾಲಾಗಿ ನಿಂತು ಕೈಗಡಿಯಾರ ನೋಡುತ್ತಿದ್ದರು. ಭದ್ರಮ್ಮನಿಗೆ ಇನ್ನು ತಡೆಯಲಾಗಲಿಲ್ಲ.

ಭದ್ರಮ್ಮ: ಸಾರ್, ಡಿಸೆಂಬರಿನ ಮದುವೆ ಅಡುಗೆ... ಇಷ್ಟೆಲ್ಲ ಆದ ಮೇಲೆ ಕೇಳಬಾರದು...

ರಘೋತ್ತಮ: ನಿಮಗೇ.

ಭದ್ರಮ್ಮ: ಹಾಂ? ಒಂದು ಹಪ್ಪಳ ತಿಂದು?

ರಘೋತ್ತಮ: ಹಪ್ಪಳಕ್ಕಲ್ಲ ತಾಯಿ. ಆ ಗಂಡಿನವರನ್ನ ನೋಡಿ. ಮದುವೆ ದಿನ ಅವರು ಕೊಂಕು ತೆಗೆಯದೆ ಬಿಡಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಮೆತ್ತಗಿನ ಜನ, ದನಿ ಎತ್ತೋರೇ ಇಲ್ಲ. ಅಡುಗೆ ಯಾರಾದರೂ ಮಾಡ್ತಾರೆ, ನಿಮ್ಮಂಥ ಬಾಯಿ ಎಲ್ಲಿ ಸಿಗುತ್ತೆ? ಆ ಬಾಯಿಗೆ ಅಂತ ಬೇರೆ ದುಡ್ಡೇನಾದರೂ ಕೊಡಬೇಕಾ?

ಭದ್ರಮ್ಮ ಬಾಯಿ ತೆರೆದರು. ಅವರಿಗಿಂತ ಮೊದಲು ಚುಕ್ಕಾಣಿಯ ಕಡೆಯಿಂದ ಉತ್ತರ ಬಂತು.

ಪುಟ್ಟಸ್ವಾಮಿ: ಏನೂ ಬ್ಯಾಡಿ ಸಾ. ಅದು ಊಟದ ಜೊತೇಲೇ ಬತ್ತದೆ. ಉಪ್ಪಿನಕಾಯಿ ಇದ್ದಂಗೆ, ಕೇಳ್ದಿದ್ರೂ ಬಡಿಸ್ತಾಳೆ.