ಮಾವ ಮಣಿಕಟ್ಟು ಹಿಡಿದರೆ

ನನ್ನ ಸೋದರಮಾವನ ಎದುರಿಗೆ ಆರೋಗ್ಯವಾಗಿರುವುದು ಬಹಳ ಕಷ್ಟದ ಕೆಲಸ! ನಮಸ್ಕಾರಕ್ಕೆಂದು ಕೈಯೆತ್ತಿದರೆ ಸಾಕು, ಗಬಕ್ಕನೆ ಮಣಿಕಟ್ಟು ಹಿಡಿದು, ಕಿಸೆಯಿಂದ ಗಡಿಯಾರ ತೆಗೆಯುತ್ತಿದ್ದ. ನಾಡಿಯ ಎಣಿಕೆ ಮುಗಿಯುವವರೆಗೆ ನೀವು ಕೆಮ್ಮುವಂತೆಯೂ ಇಲ್ಲ.

ನಿಜಾಮರ ಸರ್ಕಾರ ಹೋದ ಹೊಸತು. ಮಾವ ಶಹಾಪುರದಲ್ಲಿ ದವಾಖಾನೆಯ ಬಾಗಿಲು ಕಾಯುವ ಜವಾನ. ಅದುವರೆಗೆ ಗೌಡರ ಮಂದಿ, ಜೋರಾಗಿ ಒದರುವವರು ಮೊದಲು ಒಳಗೆ ಹೋಗುತ್ತಿದ್ದರು. ಹೊಸ ಡಾಕ್ಟರು, ಪಾಪ, ನಾಡಿ ಮತ್ತು ಉಸಿರು ನೋಡಿ ಕೆಟ್ಟ ಸ್ಥಿತಿಯಲ್ಲಿದ್ದವರನ್ನು ಮೊದಲು ಒಳಗೆ ಬಿಡುವುದು ಹೇಗೆಂದು ಅವನಿಗೆ ಕಲಿಸಿದರು. ತಗೊಳ್ಳಿ, ಮಾವನನ್ನು ಹಿಡಿಯುವವರು ಯಾರು?

ಹಲ್ಲುನೋವಿಗೆ ಅರಚುತ್ತಿದ್ದ ಗೌಡರನ್ನೇ ತೋರಿಸಿ, "ಒದರಾಕತ್ತಾರಂದ್ರ ಉಸಿರು ಭರ್ತಿ ಐತಿ, ಕುಂದ್ರಸ್ರಿ ಹಿಂದ!" ಎಂದ. ಗೋಡೆಗೊರಗಿ ಸುಮ್ಮನಿದ್ದ ಮುದುಕನನ್ನು ಎತ್ತಿಕೊಂಡು ಒಳಗೆ ಓಡಿದ.

"ಬಿಡೋ ತಮ್ಮಾ, ನಾ ನೆರಳಿಗೆ ಕುಂತೇನಿ!" ಎಂದು ಕುರಿ ಕಾಯುವ ಆ ಮುದುಕ ಅವನ ತೋಳಲ್ಲೇ ಒದ್ದಾಡಿದ.

ರಂಗಂಪೇಟೆಯ ಮದುವೆಯಲ್ಲಿ ಇನ್ನೂ ಚೆಂದ. ಅಕ್ಷತೆ ಬೀಳುವ ಹೊತ್ತಿಗೆ ಮದುಮಗನ ಕೈ ಹಿಡಿದು ಎಣಿಸಿದ, ಎಣಿಸಿದ, ಎಣಿಸುತ್ತಲೇ ಹೋದ. "ಬಂಡಿ ಕಟ್ರಿ! ಹುಡುಗ ಉಳಿಯೂದಿಲ್ಲ!" ಎಂದು ಕೂಗಿದ. ಹೆಣ್ಣಿನ ಕಡೆಯವರು ಅಳಲು ಶುರುಮಾಡಿದರು. ಕಡೆಗೆ ನೋಡಿದರೆ, ಮಹಾಶಯ ಗಡಿಯಾರಕ್ಕೆ ಕೀಲಿಯನ್ನೇ ಕೊಟ್ಟಿರಲಿಲ್ಲ! ಮುಳ್ಳು ನಿಂತಿತ್ತು, ಎಣಿಕೆ ಮಾತ್ರ ನಿಂತಿರಲಿಲ್ಲ. ನಮ್ಮನ್ನೆಲ್ಲ ಊಟಕ್ಕೂ ಕೂಡಿಸದೆ ಅಟ್ಟಿದರು. ಇಂಥವನ ಜೊತೆ ಯಾರು ನಂಟಸ್ತನ ಮಾಡುತ್ತಾರೆ, ನೀವೇ ಹೇಳಿ.

ಮುಂದೆ ನಮ್ಮ ಮನೆಯಲ್ಲಿ ತಂಗಿಗೆ ಹೆರಿಗೆಯಾಯಿತು. ಕೂಸು ನೋಡಲು ಬಂದ ಮಾವ ಬಾಣಂತಿ ಕೋಣೆಯ ಹೊಸ್ತಿಲಲ್ಲಿ ನಿಂತು ಅವಳನ್ನೇ ನೋಡತೊಡಗಿದ.

"ದಣದಾಳ, ಮಲಗ್ಲಿ ಬಿಡೋ. ಗಂಡಸರು ಒಳಗ ಬರಬಾರದು," ಎಂದು ಅವ್ವ ಗದರಿದಳು.

ಮಾವ ಒಳಗೆ ಹೋಗಿ ತಂಗಿಯ ಮಣಿಕಟ್ಟು ಹಿಡಿದ. ಕೂಗಲಿಲ್ಲ. ಮೆಲ್ಲಗೆ, "ಅಕ್ಕಾ, ಇಕಿ ಮಲಗಿಲ್ಲ," ಎಂದ. ಹೊದಿಸಿದ್ದ ಕೌದಿ ಸರಿಸಿದರೆ ಕೆಳಗೆಲ್ಲ ರಕ್ತ.

ಬಂಡಿ ದವಾಖಾನೆ ಮುಟ್ಟುವವರೆಗೂ ಅವನು ಆ ಕೈ ಬಿಡಲಿಲ್ಲ. ಒಳಗೆ ಡಾಕ್ಟರು, "ಬಿಡಪ್ಪಾ, ನಾ ನೋಡ್ತೇನಿ," ಎಂದರು.

"ಬಿಟ್ರ ಅದು ನಿಂತು ಹೋಗ್ತದ್ರಿ, ಸಾಹೇಬ್ರ!" ಎಂದು ಮಾವ ಕೂಸಿನ ಹಾಗೆ ಅತ್ತ.

ಡಾಕ್ಟರು ಬಿಡಿಸಲಿಲ್ಲ. ತಂಗಿಯ ಇನ್ನೊಂದು ಕೈ ಹಿಡಿದು ನೋಡಿ ಔಷಧಕ್ಕೆ ತೊಡಗಿದರು. ಸಂಜೆ ತಂಗಿ ಕಣ್ಣು ತೆರೆದಾಗಲೂ ಮಾವ ಹಾಗೇ ಹಿಡಿದು ಕೂತಿದ್ದ. ಆ ಹುಚ್ಚನ ಕಾಲಿಗೆ ನಾನು ಬಿದ್ದುಬಿಟ್ಟೆ.