‘ಅಡ್ಡಿಲ್ಲ’ ಎಂದವಳನ್ನೇ ಅಡ್ಡಿ ಮಾಡಿದವರಿಗೆ

ಚಿಟಿಕೆ ಗೇಮ್ಸ್ ಕಂಪನಿಯ ಬಳಕೆದಾರರ ಸಂಶೋಧನಾ ವಿಭಾಗದ ಮುಖ್ಯಸ್ಥರ ಸನ್ನಿಧಾನಕ್ಕೆ,

ಮಾನ್ಯರೇ,

ಸುಂಕಸಾಳದ ಶಾಲೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕನ್ನಡ ಕಲಿಸುತ್ತಿರುವ, ಅಂಕೋಲೆ ನಿವಾಸಿಯಾದ ನಾನು ತಮಗೆ ಶಿರಬಾಗಿ ನಮಸ್ಕರಿಸಿ ಬರೆಯುವುದೇನೆಂದರೆ, ನಾವಿಲ್ಲಿ ಕ್ಷೇಮ. ತಮ್ಮ ಕ್ಷೇಮದ ಬಗ್ಗೆ ವಿಚಾರಿಸುವ ಅಗತ್ಯವಿಲ್ಲ. ‘ಸಂತೆ ಓಟ’ ಎಂಬ ತಮ್ಮ ಮೊಬೈಲ್ ಆಟವನ್ನು ಎರಡು ಲಕ್ಷ ಜನ ಇಳಿಸಿಕೊಂಡಿದ್ದಾರೆಂದು ತಾವೇ ಜಾಹೀರಾತು ಹಾಕಿಕೊಂಡಿದ್ದೀರಿ.

ಕಳೆದ ಮೇ ತಿಂಗಳಲ್ಲಿ ಅಂಕೋಲೆಯ ಮಾವು ಮೇಳಕ್ಕೆ ತಮ್ಮ ನೇರಳೆ ಅಂಗಿಯ ಐವರು ತಜ್ಞರು ಈ ಆಟವನ್ನು ಜನರ ಕೈಯಲ್ಲಿ ಆಡಿಸಿ ನೋಡಲು ಬಂದಿದ್ದರಷ್ಟೆ. ಕಾಲಿಡಲು ಜಾಗವಿಲ್ಲದ ಆ ಮೈದಾನದಲ್ಲಿ ಅವರಿಗೆ ಕಂಡ ಪ್ರಶಸ್ತ ಸ್ಥಳವೆಂದರೆ, ಮೂವತ್ತು ವರ್ಷಗಳಿಂದ ಕರಿ ಇಶಾಡ ಮಾವಿನ ಹಣ್ಣು ಹೊತ್ತು ತಂದು ಮಾರುವ ನಮ್ಮ ಹೊನ್ನಕ್ಕನ ಬುಟ್ಟಿಯ ಎದುರು. ಇಲ್ಲಿ ಮೇಜು ಹಾಕಬಹುದೇ ಎಂದು ಕೇಳಿದರು. ಅವಳು ಅಡ್ಡಿಲ್ಲ ಎಂದಳು. ಗಿರಾಕಿಗಳಿಗೆ ಬುಟ್ಟಿಯೇ ಕಾಣದಂತೆ ಮೇಜು ಹಾಕಿ, ಅವಳ ಕೈಗೇ ಫೋನ್ ಕೊಟ್ಟು, ಆಡುತ್ತ ಮನಸ್ಸಿಗೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಹೇಳಬೇಕೆಂದು ಅಪ್ಪಣೆ ಮಾಡಿದರು. ಬಿಸಿಲೇರಿತು, ಹಣ್ಣು ಬಾಡುತ್ತದೆ, ಮೇಜನ್ನು ಸ್ವಲ್ಪ ಆಚೆ ಸರಿಸಿ ಎಂದು ಅವಳು ಮನಸ್ಸಿಗೆ ಬಂದದ್ದನ್ನೇ ಹೇಳಿದಳು. ತಮ್ಮ ತಜ್ಞರು ತಲೆ ಎತ್ತದೆ ಬರೆದುಕೊಂಡರು. ಹಣ್ಣು ಆರಿಸುತ್ತ ಪಕ್ಕದಲ್ಲೇ ನಿಂತಿದ್ದೆನಾದ್ದರಿಂದ ಇದೆಲ್ಲ ಕಣ್ಣಾರೆ ಕಂಡದ್ದು. ಆಟ ಹೇಗಿತ್ತು ಎಂದಾಗ ಅಡ್ಡಿಲ್ಲ ಎಂದಳು. ಫೋಟೋ ತೆಗೆಯಬಹುದೇ ಎಂದಾಗಲೂ ಅಡ್ಡಿಲ್ಲ ಎಂದಳು.

ಮಾನ್ಯರೇ, ಮಾಜಾಳಿಯಿಂದ ಅಂಕೋಲೆಯವರೆಗೆ ಊಟ ಹೇಗಿತ್ತೆಂದರೂ, ಜ್ವರ ಹೇಗಿದೆಯೆಂದರೂ, ಹುಡುಗ ಒಪ್ಪಿಗೆಯೇ ಎಂದರೂ ನಮ್ಮದು ಒಂದೇ ಉತ್ತರ. ಅಡ್ಡಿಲ್ಲ ಎಂದರೆ ಪರವಾಗಿಲ್ಲ, ಆದೀತು, ಚೆನ್ನಾಗಿಯೇ ಇದೆ ಎಂದುಕೊಳ್ಳಿ. ಬಂದವರ ಮುಖ ಬಾಡದಿರಲಿ ಎಂಬ ಮರ್ಯಾದೆಯೂ ಅದರಲ್ಲಿ ಸೇರಿಕೊಂಡಿರುತ್ತದೆ. ಮೂರನೇ ಇಯತ್ತೆಯ ಮಕ್ಕಳಿಗೂ ಇದು ಗೊತ್ತು.

ಮೇಳದಲ್ಲಿ ನಂಬರು ಬರೆದುಕೊಂಡವರಿಗೆಲ್ಲ ತಾವು ವಾಟ್ಸಾಪಿನಲ್ಲಿ ದಯಪಾಲಿಸಿದ ವರದಿಯನ್ನು ನಾನು ಕೆಂಪು ಪೆನ್ನು ಹಿಡಿದೇ ಓದಿದೆ. ಮೂರನೇ ಪುಟದಲ್ಲಿ, ನೂರರಲ್ಲಿ ತೊಂಬತ್ತೊಂದು ಮಂದಿ ಬಳಕೆದಾರರು ಆಟದಲ್ಲಿ ಅಡ್ಡಿಯೇ ಇಲ್ಲವೆಂದು ದೂರಿದ್ದಾರೆ, ಆದ್ದರಿಂದ ಅಡ್ಡಿಗಳನ್ನು ಹೆಚ್ಚಿಸತಕ್ಕದ್ದು ಎಂದಿದೆ. ಬಳಕೆದಾರರು ಬೇಸಿಗೆಯ ಹಂತವೊಂದನ್ನು ಬಯಸುತ್ತಾರೆ ಎಂದೂ ಇದೆ. ಅದು ಹೊನ್ನಕ್ಕನ ಬಾಡುವ ಹಣ್ಣಿನ ಮಾತು. ಹತ್ತಿ ಕಾಳನ್ನು ಹತ್ತು ಕಾಳು ಎಂದು ಬರೆಯುವ ಮಕ್ಕಳ ಕಿವಿ ಹಿಂಡಿದ್ದೇನೆ, ಆದರೆ ಅಂಥ ತಪ್ಪನ್ನು ನಕ್ಷೆ, ಕೋಷ್ಟಕಗಳ ಸಮೇತ ಅಚ್ಚುಕಟ್ಟಾಗಿ ಮಾಡುವ ಪ್ರತಿಭೆ ನಮ್ಮ ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ತಾವು ಹೆಚ್ಚಿಸಿದ ಅಡ್ಡಿ ಯಾರೆಂದು ನೋಡಿದರೆ ಹೊನ್ನಕ್ಕ. ಅದೇ ಮುಖ, ಕೊರಳ ತುಂಬ ಅದೇ ಮಣಿಸರ, ಅದೇ ಬುಟ್ಟಿ. ನಡುದಾರಿಯಲ್ಲಿ ಕೂತಿರುತ್ತಾಳೆ, ಎಡವಿದರೆ ಆಟ ಮುಗಿಯಿತು, ಹಾರಿದರೆ ಹತ್ತು ಅಂಕ, ಹಾರಿದಾಗಲೆಲ್ಲ ಅಂದು ಆ ಫೋನಿನಲ್ಲಿ ಹಿಡಿದಿಟ್ಟ ಅವಳದೇ ದನಿಯಲ್ಲಿ ‘ಅಡ್ಡಿಲ್ಲ’. ಈಗ ಅಂಕೋಲೆ ಪೇಟೆಯಲ್ಲಿ ಹುಡುಗರಿಗೆ ಬೈಕು ನಿಲ್ಲಿಸಿ, ವಿಡಿಯೋ ಮಾಡಲು ಗೆಳೆಯನ ಕೈಗೆ ಫೋನ್ ಕೊಟ್ಟು, ಅವಳ ಬುಟ್ಟಿ ಹಾರುವುದೇ ಗಂಡಸುತನವಾಗಿದೆ. ಹೋದ ತಿಂಗಳು ಒಬ್ಬನ ಕಾಲು ತಾಗಿ, ಮಾವಿನ ಕಾಲ ಮುಗಿದ ಮೇಲೆ ಅವಳು ತರುವ ಹರಿವೆ ಸೊಪ್ಪೆಲ್ಲ ಕೆಸರಿಗೆ ಬಿತ್ತು.

ಅಂದಿನಿಂದ ಅವಳು ರಸ್ತೆಗೆ ಬೆನ್ನು ಹಾಕಿ, ಗೋಡೆ ನೋಡುತ್ತ ಕೂರುತ್ತಾಳೆ. ಹೀಗೇಕೆ ಎಂದು ಕೇಳಿದ್ದಕ್ಕೆ, “ಅಕ್ಕೋರೇ, ನಾ ಯಾರ ದಾರಿಗೆ ಅಡ್ಡ ಕೂತಿದ್ದೆ?” ಎಂದಳು. ನನಗೆ ಸಿಟ್ಟು ಬಂತು, ಇನ್ನೂ ಇಳಿದಿಲ್ಲ. ದಿನಾ ಪೇಟೆ ಸುತ್ತುವಾಗ ಚೀಲವನ್ನು ಅವಳ ಬಳಿ ಇಟ್ಟಿರಲೇ ಎಂದು ಕೇಳುವುದು, ಅವಳು ಅಡ್ಡಿಲ್ಲ ಎನ್ನುವುದು ನಮ್ಮ ವಾಡಿಕೆ. ಈಗ ಕೈಸನ್ನೆ ಮಾತ್ರ ಮಾಡುತ್ತಾಳೆ. ಆ ಮಾತನ್ನು ಅವಳು ಬಿಟ್ಟೇ ಬಿಟ್ಟಿದ್ದಾಳೆ.

ಆದ ಕಾರಣ ತಮ್ಮಲ್ಲಿ ಅರಿಕೆ: ಹೊನ್ನಕ್ಕನ ಮುಖವನ್ನೂ ದನಿಯನ್ನೂ ಈ ವಾರದೊಳಗೆ ಆಟದಿಂದ ತೆಗೆಯಿರಿ. ಖಾಲಿಯಾದ ಜಾಗದಲ್ಲಿ ಕಂಪನಿಯ ಜಾಲತಾಣದಲ್ಲಿ ನಗುತ್ತಿರುವ ತಮ್ಮ ಭಾವಚಿತ್ರವನ್ನು ಕೂರಿಸಿದರೆ ಚೆಲುವಾಗಿರುತ್ತದೆ. ಅದಕ್ಕಿಂತ ತಾವೇ ದಯಮಾಡಿಸಿ, ಒಂದು ಮಾವಿನ ಕಾಲ ಪೂರ್ತಿ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಪೇಟೆಯ ನಡುವೆ ಬುಟ್ಟಿ ಇಟ್ಟುಕೊಂಡು ಕುಳಿತರೆ ಇನ್ನೂ ಉತ್ತಮ. ನಾವೆಲ್ಲ ಸರದಿಯಲ್ಲಿ ಹಾರುತ್ತೇವೆ, ತಾವು ಮನಸ್ಸಿಗೆ ಬಂದದ್ದನ್ನು ಗಟ್ಟಿಯಾಗಿ ಹೇಳುತ್ತಿರಿ. ನಾನು ತಲೆ ಎತ್ತದೆ ಬರೆದುಕೊಳ್ಳುತ್ತೇನೆ. ಬೇಡ, ಸಾಕು ಎಂದು ತಾವು ಕೂಗಿದರೆ, ಬಳಕೆದಾರರಿಗೆ ಬೇಕು, ಸಾಲದು ಎಂದು ವರದಿ ಮಾಡುವ ವಿದ್ಯೆಯನ್ನು ತಮ್ಮಿಂದಲೇ ಕಲಿತಿದ್ದೇನೆ.

ಹೊನ್ನಕ್ಕ ರಸ್ತೆಯ ಕಡೆ ತಿರುಗಿ ಕೂರುವವರೆಗೂ ಬರೆಯುತ್ತಲೇ ಇರುವ,
ತಮ್ಮ ವಿಶ್ವಾಸಿ,
ಜಯಶ್ರೀ ಅಕ್ಕೋರು
ಅಂಕೋಲೆ

ತಾ.ಕ.: ಒಪ್ಪಿಗೆ ಪಡೆಯುವುದು ಎಷ್ಟು ಮುಖ್ಯವೆಂದು ತಮ್ಮ ವರದಿಯ ಮೊದಲ ಪುಟದಲ್ಲೇ ಇತ್ತಾದ್ದರಿಂದ, ಈ ಪತ್ರವನ್ನು ಹೊನ್ನಕ್ಕನಿಗೆ ಪೂರ್ತಿ ಓದಿ ಹೇಳಿ, ನಿನ್ನ ಹೆಸರು ಹಾಕಿ ಊರಿಗೆಲ್ಲ ಹಂಚಲೇ ಎಂದು ಕೇಳಿದೆ. ಸೆರಗಿನಲ್ಲಿ ಮುಖ ಒರೆಸಿಕೊಂಡು, ತಿಂಗಳ ಮೇಲೆ ಮೊದಲ ಸಲ, “ಅಡ್ಡಿಲ್ಲ” ಎಂದಳು. ಇದರ ಅರ್ಥವನ್ನಾದರೂ ನನ್ನನ್ನು ಕೇಳಿ ಬರೆದುಕೊಳ್ಳಿ.