ಇಲ್ಲದ ಗೋಡೆಗೆ ಸುತ್ತು ಹಾಕುವ ಮಾವ

ನಮ್ಮ ಸೋದರಮಾವನಿಗೆ ಬಟ್ಟಬಯಲಿನಲ್ಲಿ ನೆಟ್ಟಗೆ ನಡೆಯಲು ಬರುವುದಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಕಾಲುಗಳು ಗಟ್ಟಿಮುಟ್ಟಾಗಿವೆ, ಕುಡಿಯುವ ಚಟವೂ ಇಲ್ಲ. ತೊಂದರೆಯೆಲ್ಲ ಲಿಂಗಸುಗೂರಿನಲ್ಲಿ ಅವನ ಮನೆಗೂ ಬಸ್ ಸ್ಟ್ಯಾಂಡಿಗೂ ನಡುವೆ ಬಿದ್ದಿರುವ ಖಾಲಿ ಮೈದಾನದ್ದು. ನಮಗೆ ಅದು ಮೈದಾನ. ಅವನಿಗೆ ಅದು ಹಳೇಪೇಟೆ!

ಹಿಂದೆ ಅಲ್ಲಿ ದೊಡ್ಡ ಪೇಟೆಯಿತ್ತಂತೆ. ಯಾವುದೋ ಯುದ್ಧದಲ್ಲಿ ಅರ್ಧ ಸುಟ್ಟುಹೋಯಿತಂತೆ. ಉಳಿದರ್ಧವನ್ನು ಬಿಳಿಯರ ದಂಡು ಕೆಡವಿ, ಕಲ್ಲುಗಳನ್ನು ತನ್ನ ಸಿಪಾಯಿಗಳ ಬಿಡಾರ ಕಟ್ಟಲು ಸಾಗಿಸಿ, ನೆಲವನ್ನು ಕವಾಯತಿಗೆಂದು ಸಮ ಮಾಡಿಕೊಂಡಿತಂತೆ. ಮಾವನ ಹಿರಿಯರು ಅಲ್ಲಿಂದ ಎದ್ದುಬಂದವರು. ಮಾವನ ಅಜ್ಜಿ, ತನಗೆ ತನ್ನ ಅಜ್ಜಿ ತೋರಿಸಿದ್ದ ಹಾಗೆಯೇ, ಅವನ ಕೈ ಹಿಡಿದು ಆ ಬಯಲಿನ ಗಲ್ಲಿಗಲ್ಲಿಯಲ್ಲಿ ನಡೆಸಿದ್ದಳು. ಪುಣ್ಯಾತ್ಮ ಇವತ್ತಿಗೂ ಗಲ್ಲಿ ಬಿಟ್ಟು ಕಾಲಿಡುವುದಿಲ್ಲ.

ಬೇವಿನ ಗಿಡದ ಹತ್ತಿರ ಎಡಕ್ಕೆ ತಿರುಗಬೇಕು. ಇಪ್ಪತ್ತು ಹೆಜ್ಜೆಗೆ ಬಲಕ್ಕೆ. ಆಮೇಲೆ ತಲೆ ಬಗ್ಗಿಸಬೇಕು, ಯಾಕೆಂದರೆ ಅಲ್ಲೊಂದು ಗಿಡ್ಡ ದಿಡ್ಡಿ ಬಾಗಿಲಿತ್ತು! ಅತ್ತ ಮಸ್ಕಿ ಬಸ್ಸು ಹೊರಡುತ್ತಿರುತ್ತದೆ.

"ಮಾವಾ, ನೆಟ್ಟಗ ನಡಿ. ಬಸ್ ಬಿಡಾಕತ್ಯಾರ."

"ಬಸ್ಸಿನ ಸಲುವಾಗಿ ಬಳೆಗಾರರ ಅಡಗಿ ಮನ್ಯಾಗ ಚಪ್ಪಲಿ ಹಾಕ್ಕೊಂಡು ಹಾಯಬೇಕೇನ್ಲೇ?"

ನನ್ನ ಅರ್ಧ ಆಯುಷ್ಯ ಮುಂದಿನ ಬಸ್ಸಿಗೆ ಕಾಯುವುದರಲ್ಲೇ ಕಳೆದಿದೆ.

ಒಮ್ಮೆ ಉಪಾಯ ಮಾಡಿ ಬೈಕಿನ ಮೇಲೆ ಕೂರಿಸಿಕೊಂಡೆ. ಬೆನ್ನಿಗೆ ಗುದ್ದಿ ಗುದ್ದಿ ಎಡಕ್ಕೆ, ಬಲಕ್ಕೆ ತಿರುಗಿಸಿದ. ಬೈಕು ಸೊಟ್ಟಪಟ್ಟ ಓಡುವುದನ್ನು ಕಂಡ ಪೊಲೀಸಪ್ಪ ಅಡ್ಡ ಬಂದು, "ಹಗಲಾಗ ಕುಡದೀರೇನು?" ಎಂದ.

ಮಾವ ಕೈ ಮುಗಿದ. "ಇಲ್ರೀ ಸಾಹೇಬ್ರ. ಮೊದಲ ನೀವು ಅತ್ತಾಗ ಸರೀರಿ, ಬಾವ್ಯಾಗ ನಿಂತೀರಿ."

ಪೊಲೀಸಪ್ಪ ಕಾಲಡಿ ನೋಡಿಕೊಂಡು ಎರಡು ಹೆಜ್ಜೆ ಸರಿದೇಬಿಟ್ಟ. ಬಾಯಿ ವಾಸನೆ ನೋಡುವುದು ಮರೆತೇಹೋಯಿತು.

"ನೀನರೆ ಈ ದಾರಿ ಕಲಕೋಲೇ," ಎಂದು ಮಾವ ನನಗೆ ಗಂಟುಬಿದ್ದಿದ್ದ. "ನಾ ಹೋದ್ರ ಪ್ಯಾಟಿ ಇನ್ನೊಮ್ಮೆ ಹಾಳಾಗ್ತದ."

"ಇಲ್ಲದ ಮನಿಗಳ ದಾರಿ ಕಲತು ಏನ್ ಮಾಡ್ಲಿ?" ಎಂದು ರೇಗಿದೆ. ಅವತ್ತು ಅವನು ಚಹಾ ಸಹ ಮುಟ್ಟಲಿಲ್ಲ.

ಈಚೆಗೆ ಮಾವನಿಗೆ ಮರೆವು. ಮೊದಲು ಕನ್ನಡಕ ಇಟ್ಟ ಜಾಗ ಮರೆತ, ಆಮೇಲೆ ನಮ್ಮ ಹೆಸರುಗಳನ್ನು. ಮೊನ್ನೆ ಅವನನ್ನು ಸಿಂಧನೂರಿನ ಡಾಕ್ಟರಿಗೆ ತೋರಿಸಲು ಕರೆದುಕೊಂಡು ಹೊರಟೆ. ಮೈದಾನ ಬಂತು. ಮಾವ ಬೇವಿನ ಗಿಡ ದಾಟಿ ನೆಟ್ಟಗೆ ನಡೆದುಬಿಟ್ಟ.

ಇಷ್ಟು ವರ್ಷ ನಾನು ಬೇಡಿಕೊಂಡದ್ದು ಅದನ್ನೇ. ಬಸ್ಸೂ ಎದುರಿಗೇ ನಿಂತಿತ್ತು. ಆದರೆ ನಾನೇ ಓಡಿಹೋಗಿ ಅವನ ಕೈ ಹಿಡಿದೆ.

"ಮಾವಾ, ಅತ್ತಾಗ ಬ್ಯಾಡ. ಅದು ಬಳೆಗಾರರ ಅಡಗಿ ಮನಿ."

"ಹೌದೇನು?" ಎಂದ, ಮೊದಲ ಸಲ ಕೇಳಿದವನ ಹಾಗೆ.

ಹಿಂದಕ್ಕೆ ಕರೆತಂದು ಎಡಕ್ಕೆ ತಿರುಗಿಸಿದೆ. ಇಪ್ಪತ್ತು ಹೆಜ್ಜೆ ಎಣಿಸಿ ಬಲಕ್ಕೆ ಹೊರಳಿದೆ. ಅಷ್ಟರಲ್ಲಿ ಬಸ್ಸು ಹೋಯಿತು. ಹೋಗಲಿ.

"ಇಲ್ಲಿ ತಲಿ ಬಗ್ಗಸು ಮಾವಾ," ಎಂದೆ. ಇಬ್ಬರೂ ಬಗ್ಗಿದೆವು.